‘ನಮ್ಮ ಆಡಿಟರ್ ನೋಡ್ಕೋತಾರೆ’ ಅನ್ನುವ ಮುಂಚೆ

ಬೆಂಗಳೂರಿನಲ್ಲಿ ಯಾವ ಅಂಗಡಿಯವರನ್ನು ಜಿಎಸ್‌ಟಿ ಬಗ್ಗೆ ಕೇಳಿದರೂ ಉತ್ತರ ಒಂದೇ: “ಅದೆಲ್ಲಾ ನಮ್ಮ ಆಡಿಟರ್ ನೋಡ್ಕೋತಾರೆ.” ಚಿಕ್ಕಪೇಟೆಯ ಬಟ್ಟೆ ಅಂಗಡಿಯಿರಲಿ, ಪೀಣ್ಯದ ಲೇತ್ ಶೆಡ್ ಇರಲಿ, ಬಡಾವಣೆ ಮೂಲೆಯ ಬೇಕರಿಯಿರಲಿ, ಮಾತು ಬದಲಾಗುವುದಿಲ್ಲ. ಆ ಆಡಿಟರ್ ಓದಿರುವುದೇನು, ತಿಂಗಳಿಗೊಮ್ಮೆ ಅವರು ನಿಜಕ್ಕೂ ಏನು ಸಲ್ಲಿಸುತ್ತಿದ್ದಾರೆ, ನಿಮ್ಮ ಲಾಗಿನ್ ಯಾರ ಮೊಬೈಲ್ ನಂಬರಿಗೆ ಕಟ್ಟಿಕೊಂಡಿದೆ ಎಂದು ಇನ್ನೊಂದು ಹೆಜ್ಜೆ ಮುಂದೆ ಕೇಳಿದರೆ ಮಾತು ನಿಂತುಹೋಗುತ್ತದೆ.

2025ರ ಜುಲೈನಲ್ಲಿ ಇದರ ಬಿಸಿ ಊರಿಗೆಲ್ಲ ತಟ್ಟಿತು. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು ‘ಕ್ಯಾಶ್ ಮಾತ್ರ’ ಎಂದು ಬರೆದು ಅಂಟಿಸಿದರು. ಹಾಲು, ತರಕಾರಿ ಮಾರುವವರ ಹೆಸರಿಗೂ ನೋಟಿಸ್ ಬಂದಿತ್ತು. ಆಗ ಬೇಕಾಗಿದ್ದದ್ದು ಗಾಬರಿ ಹುಟ್ಟಿಸುವವರಲ್ಲ, ಕೂತು ಲೆಕ್ಕ ಬಿಡಿಸಿ ಹೇಳುವವರು. ಅಂಥವರನ್ನು ಹುಡುಕುವುದು ಹೇಗೆ, ಹುಡುಕಿದ ಮೇಲೆ ಅವರ ಜತೆ ಹೇಗೆ ನಡೆದುಕೊಳ್ಳಬೇಕು ಎಂಬುದೇ ಇಲ್ಲಿನ ವಿಷಯ. ಕೊನೆಯ ಭಾಗದಲ್ಲಿ ಪಾಲುದಾರರ ವಿಚಾರವೂ ಇದೆ, ಏಕೆಂದರೆ ಎರಡೂ ಕಡೆ ಅಳತೆಗೋಲು ಒಂದೇ: ತಮ್ಮನ್ನು ಪರಿಶೀಲಿಸಲು ಬಿಡುವವರನ್ನು ಆರಿಸಿ. ‘ನನ್ನ ಮೇಲೆ ನಂಬಿಕೆ ಇಲ್ವಾ?’ ಎಂದು ಮುಖ ಊದಿಸುವವರನ್ನು ದೂರವಿಡಿ.

ಆಡಿಟರ್ ಅಂದರೆ ಯಾರು

ನಮ್ಮೂರಲ್ಲಿ ಈ ಒಂದೇ ಪದದೊಳಗೆ ಮೂರು ಬಗೆಯ ಜನ ಇದ್ದಾರೆ.

ಮೊದಲನೆಯವರು ಚಾರ್ಟರ್ಡ್ ಅಕೌಂಟೆಂಟ್, ಸಿಎ. 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯಡಿ ಹುಟ್ಟಿದ ಐಸಿಎಐ ಸಂಸ್ಥೆಯ ಸದಸ್ಯರು. ಇವರಿಗೆ ಸದಸ್ಯತ್ವ ಸಂಖ್ಯೆ ಇರುತ್ತದೆ. ಸ್ವಂತ ವೃತ್ತಿ ನಡೆಸಲು ಅದರ ಜತೆಗೆ ‘ಸರ್ಟಿಫಿಕೇಟ್ ಆಫ್ ಪ್ರಾಕ್ಟೀಸ್’ ಕೂಡ ಬೇಕು. ಸಿಎ ಪಾಸಾಗಿ ಕಂಪನಿಯಲ್ಲಿ ಕೆಲಸಕ್ಕಿರುವವರು ಈ ಪ್ರಮಾಣಪತ್ರ ಇಲ್ಲದೆ ನಿಮ್ಮ ಟ್ಯಾಕ್ಸ್ ಆಡಿಟ್‌ಗೆ ಸಹಿ ಹಾಕುವಂತಿಲ್ಲ. ಎರಡನೆಯವರು ಜಿಎಸ್‌ಟಿ ಪ್ರಾಕ್ಟೀಷನರ್. ಇವರು ಪಿಸಿಟಿ-01 ಅರ್ಜಿ ಹಾಕಿ, ಪಿಸಿಟಿ-02 ಎಂಬ ನೋಂದಣಿ ಪ್ರಮಾಣಪತ್ರ ಪಡೆದಿರುತ್ತಾರೆ. ನಿಮ್ಮ ಒಪ್ಪಿಗೆಯ ಮೇಲೆ ರಿಟರ್ನ್ ಸಲ್ಲಿಸಬಹುದು, ರೀಫಂಡ್ ಅರ್ಜಿ ಹಾಕಬಹುದು. ಆದರೆ ಆದಾಯ ತೆರಿಗೆಯ ಆಡಿಟ್ ವರದಿಗೆ ಅವರ ಸಹಿ ನಡೆಯುವುದಿಲ್ಲ. ಮೂರನೆಯವರು ಯಾವ ನೋಂದಣಿಯೂ ಇಲ್ಲದವರು: ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರ್ ಚೆನ್ನಾಗಿ ಬರುತ್ತದೆ, ಯಾವುದೋ ಆಡಿಟರ್ ಆಫೀಸಿನಲ್ಲಿ ಕೆಲವು ವರ್ಷ ಕೆಲಸ ಮಾಡಿ ಹೊರಬಂದು ಸ್ವಂತಕ್ಕೆ ಕೆಲಸ ಹಿಡಿದಿರುತ್ತಾರೆ.

ಮೂರನೆಯವರು ಕೆಟ್ಟವರೆಂದು ಯಾರೂ ತಿಳಿಯಬಾರದು. ದಿನದ ಲೆಕ್ಕ ಬರೆಯಲು, ಬಿಲ್ ಜೋಡಿಸಲು ಅವರಷ್ಟು ಚುರುಕಾದವರು ಸಿಗುವುದೇ ಕಷ್ಟ. ತೊಂದರೆ ಶುರುವಾಗುವುದು ನೋಟಿಸ್ ಬಂದ ದಿನ. ಅಧಿಕಾರಿಯ ಮುಂದೆ ನಿಮ್ಮ ಪರವಾಗಿ ನಿಲ್ಲುವ ಅಧಿಕಾರ ಅವರಿಗಿರುವುದಿಲ್ಲ, ತಪ್ಪಾದರೆ ದೂರು ಕೊಡಲು ಅವರ ಮೇಲೊಂದು ಸಂಸ್ಥೆಯೂ ಇರುವುದಿಲ್ಲ. ಸಿಎ ಆದರೆ ಐಸಿಎಐನ ಶಿಸ್ತು ವಿಭಾಗಕ್ಕೆ ದೂರು ಕೊಡಬಹುದು. ಆದ್ದರಿಂದ ಯಾವ ಕೆಲಸಕ್ಕೆ ಯಾರು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ವಹಿವಾಟು ಚಿಕ್ಕದಿದ್ದರೆ ಲೆಕ್ಕಕ್ಕೆ ಒಬ್ಬರು, ವರ್ಷದ ರಿಟರ್ನ್ ಮತ್ತು ಸಲಹೆಗೆ ಒಬ್ಬ ಸಿಎ ಎಂದು ಹಂಚಿಕೊಂಡರೂ ಸಾಕು.

ಪರಿಶೀಲಿಸಲು ಹತ್ತು ನಿಮಿಷ ಬೇಕಾಗುವುದಿಲ್ಲ. ಸಿಎ ಆದರೆ ಸದಸ್ಯತ್ವ ಸಂಖ್ಯೆ ಕೇಳಿ, ಐಸಿಎಐ ಜಾಲತಾಣದಲ್ಲಿ ನೋಡಿ. ಅವರು ಕೊಡುವ ಪ್ರತಿ ಪ್ರಮಾಣಪತ್ರದ ಮೇಲೂ 18 ಅಂಕಿ-ಅಕ್ಷರಗಳ ಯುಡಿಐಎನ್ ಸಂಖ್ಯೆ ಇರಬೇಕು. 2019ರ ಫೆಬ್ರವರಿ 1ರಿಂದ ಪ್ರಮಾಣಪತ್ರಗಳಿಗೆ ಇದು ಕಡ್ಡಾಯ. ಆ ಸಂಖ್ಯೆ ಅಸಲಿಯೇ ಎಂದು ಐಸಿಎಐನ ಯುಡಿಐಎನ್ ಪೋರ್ಟಲ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಬ್ಯಾಂಕಿನವರು ಸಾಲದ ಅರ್ಜಿ ಬಂದಾಗ ಮೊದಲು ನೋಡುವುದೇ ಅದನ್ನು. ಸೀಲು, ಸಹಿ ಎರಡೂ ಇದ್ದು ಯುಡಿಐಎನ್ ಇಲ್ಲದ ಬ್ಯಾಲೆನ್ಸ್ ಶೀಟ್ ತಂದುಕೊಟ್ಟರೆ, ಆ ಸಿಎ ಹೆಸರು ಅವರಿಗೇ ಗೊತ್ತಿಲ್ಲದೆ ಬಳಕೆಯಾಗಿರುವ ಸಾಧ್ಯತೆ ಇದೆ. ಆ ಕಾಗದವನ್ನು ಬ್ಯಾಂಕಿಗೆ ಕೊಟ್ಟವರು ಏಜೆಂಟ್ ಅಲ್ಲ, ನೀವು. ಜವಾಬ್ದಾರಿಯೂ ನಿಮ್ಮದೇ ಆಗುತ್ತದೆ.

ಮೊದಲ ಭೇಟಿಯಲ್ಲಿ ಕೇಳಬೇಕಾದ ಲೆಕ್ಕ

ಅನುಭವ ಎಷ್ಟು ವರ್ಷ, ಎಷ್ಟು ಜನ ಗಿರಾಕಿಗಳು ಎಂದು ಕೇಳಿದರೆ ಎಲ್ಲರೂ ಒಳ್ಳೆಯ ಉತ್ತರವನ್ನೇ ಕೊಡುತ್ತಾರೆ. ಅದಕ್ಕಿಂತ ಒಂದು ಸಣ್ಣ ಲೆಕ್ಕ ಮುಂದಿಡುವುದು ಒಳ್ಳೆಯದು.

ಒಂದು ಕಾಂಡಿಮೆಂಟ್ಸ್ ಅಂಗಡಿ. ವರ್ಷದ ವಹಿವಾಟು ₹46 ಲಕ್ಷ. ಅದರಲ್ಲಿ ಹಾಲು, ತರಕಾರಿ ₹28 ಲಕ್ಷ. ಬಿಸ್ಕತ್ತು, ಸೋಪು, ಚಾಕೊಲೇಟು ಸೇರಿ ₹18 ಲಕ್ಷ. ಜಿಎಸ್‌ಟಿ ನೋಂದಣಿ ಬೇಕೇ? ಸರಕು ಮಾತ್ರ ಮಾರುವವರಿಗೆ ಕರ್ನಾಟಕದಲ್ಲಿ ಮಿತಿ ₹40 ಲಕ್ಷ. ತೆರಿಗೆ ಬೀಳುವ ಮಾಲು ₹18 ಲಕ್ಷ ಮಾತ್ರ, ಆದ್ದರಿಂದ ಬೇಡ ಎಂದು ಥಟ್ಟನೆ ಹೇಳುವವರು ತಪ್ಪಿದರು. ಮಿತಿಯ ಲೆಕ್ಕಕ್ಕೆ ತೆರಿಗೆ ವಿನಾಯಿತಿ ಇರುವ ಮಾಲೂ ಸೇರುತ್ತದೆ. ಒಟ್ಟು ₹46 ಲಕ್ಷ, ನೋಂದಣಿ ಬೇಕು. ಅದೇ ಅಂಗಡಿ ಹಾಲು, ತರಕಾರಿ ಬಿಟ್ಟು ಬೇರೇನನ್ನೂ ಮಾರದಿದ್ದರೆ ₹46 ಲಕ್ಷವಾದರೂ ನೋಂದಣಿ ಬೇಡ. ಅಂಗಡಿಯ ಮೂಲೆಯಲ್ಲೊಂದು ಜೆರಾಕ್ಸ್ ಮೆಷಿನ್ ಇದ್ದರೆ? ಅದು ಸೇವೆ. ಸೇವೆ ಸೇರಿದೊಡನೆ ಮಿತಿ ₹20 ಲಕ್ಷಕ್ಕೆ ಇಳಿಯುತ್ತದೆ. ಜೆರಾಕ್ಸ್ ಇದೆಯೇ, ರಾಜ್ಯದಾಚೆ ಮಾಲು ಕಳಿಸುತ್ತೀರಾ ಎಂದು ಅವರಾಗಿಯೇ ತಿರುಗಿ ಕೇಳಿದರೆ ಅವರಿಗೆ ಕೆಲಸ ಬರುತ್ತದೆ ಎಂದರ್ಥ.

ಮುಂದಿನ ಪ್ರಶ್ನೆ: ನೋಂದಣಿ ಆದ ಮೇಲೆ ಈ ಅಂಗಡಿ ಎಷ್ಟು ಕಟ್ಟಬೇಕು? ಬಲ್ಲವರು ಕಾಂಪೊಸಿಷನ್ ಯೋಜನೆಯ ಮಾತು ತೆಗೆಯುತ್ತಾರೆ. ₹1.5 ಕೋಟಿವರೆಗೆ ವಹಿವಾಟಿರುವ ವ್ಯಾಪಾರಿಗೆ ತೆರಿಗೆ ಬೀಳುವ ಮಾರಾಟದ ಮೇಲೆ 1%. ಅಂದರೆ ₹18 ಲಕ್ಷಕ್ಕೆ ವರ್ಷಕ್ಕೆ ₹18,000. ಅದರ ಬೆನ್ನಿಗೇ ಅದರ ಕಷ್ಟವನ್ನೂ ಹೇಳುತ್ತಾರೆ: ಗಿರಾಕಿಯಿಂದ ತೆರಿಗೆ ವಸೂಲು ಮಾಡುವಂತಿಲ್ಲ, ಖರೀದಿಯ ಮೇಲೆ ಕೊಟ್ಟ ತೆರಿಗೆ ವಾಪಸ್ ಸಿಗುವುದಿಲ್ಲ, ಹೊರರಾಜ್ಯಕ್ಕೆ ಮಾರುವಂತಿಲ್ಲ, ಮೂರು ತಿಂಗಳಿಗೊಮ್ಮೆ 18ನೇ ತಾರೀಕಿನೊಳಗೆ ಸಿಎಂಪಿ-08 ಎಂಬ ನಮೂನೆ ಹಾಕಿ ದುಡ್ಡು ಕಟ್ಟಬೇಕು. ಲಾಭದ ಜತೆ ಕಷ್ಟವನ್ನೂ ಕೇಳದೆಯೇ ಹೇಳುವವರು ಸಿಕ್ಕರೆ ಕೈಬಿಡಬೇಡಿ.

ಪಾಲುದಾರಿಕೆ ಸಂಸ್ಥೆಯಾದರೆ ಇನ್ನೊಂದು ಪ್ರಶ್ನೆ ಇದೆ. ಪಾಲುದಾರರಿಗೆ ಸಂಸ್ಥೆ ಕೊಡುವ ಸಂಬಳ, ಬಡ್ಡಿಯ ಮೇಲೆ ಟಿಡಿಎಸ್, ಅಂದರೆ ಕೊಡುವಾಗಲೇ ಮುರಿದುಕೊಳ್ಳುವ ಆದಾಯ ತೆರಿಗೆ, ಹಿಡಿಯಬೇಕೇ? 2025ರ ಏಪ್ರಿಲ್ 1ರಿಂದ, ವರ್ಷಕ್ಕೆ ₹20,000 ದಾಟಿದರೆ 10% ಹಿಡಿಯಬೇಕು. ಈ ಬದಲಾವಣೆ ಗೊತ್ತಿಲ್ಲದವರು ಹೊಸ ನಿಯಮಗಳನ್ನು ಓದುವುದನ್ನು ನಿಲ್ಲಿಸಿದ್ದಾರೆ.

ಕೀಲಿ ಯಾರ ಕೈಯಲ್ಲಿದೆ

ಇಷ್ಟೆಲ್ಲ ನೋಡಿ ಆರಿಸಿದ ಮೇಲೂ ಎಡವುವ ಜಾಗ ಒಂದಿದೆ. ನೋಂದಣಿ ಮಾಡುವಾಗ ಅರ್ಜಿಯಲ್ಲಿ ಮೊಬೈಲ್ ನಂಬರು, ಇಮೇಲ್ ತುಂಬುವ ಕಡೆ ಎಷ್ಟೋ ಜನ ಕನ್ಸಲ್ಟೆಂಟ್‌ಗಳು ತಮ್ಮದನ್ನೇ ಹಾಕಿಬಿಡುತ್ತಾರೆ. ಎಲ್ಲರ ಉದ್ದೇಶವೂ ಕೆಟ್ಟದ್ದಲ್ಲ. ಮಾಲೀಕರಿಗೆ ಫೋನ್ ಮಾಡಿ ಒಟಿಪಿ ಕೇಳುತ್ತಾ ಕೂತರೆ ತಿಂಗಳಿಗೆ ನೂರು ರಿಟರ್ನ್ ಹಾಕಲು ಆಗುವುದಿಲ್ಲ ಎಂಬುದು ಅವರ ಕಷ್ಟ. ಆದರೆ ಅದರ ಫಲ ಉಣ್ಣುವವರು ನೀವು. ಇಲಾಖೆಯ ನೋಟಿಸ್ ಬಂದ ಸುದ್ದಿ ಅವರ ಫೋನಿಗೆ ಹೋಗುತ್ತದೆ, ನಿಮಗಲ್ಲ. ಪೋರ್ಟಲ್‌ನಲ್ಲಿ ಹಾಕಿದ ನೋಟಿಸ್ ನಿಮಗೆ ತಲುಪಿದಂತೆಯೇ ಲೆಕ್ಕ. ಉತ್ತರ ಹೋಗದಿದ್ದರೆ ಏಕಪಕ್ಷೀಯ ಆದೇಶವಾಗುತ್ತದೆ. ಮೇಲ್ಮನವಿಗೆ ಮೂರು ತಿಂಗಳು ಸಮಯ, ತಕ್ಕ ಕಾರಣ ಕೊಟ್ಟರೆ ಇನ್ನೊಂದು ತಿಂಗಳು. ಅದೂ ಕಳೆದ ಮೇಲೆ ಬ್ಯಾಂಕ್ ಖಾತೆ ಜಪ್ತಿಯಾದಾಗಲೇ ಮಾಲೀಕರಿಗೆ ವಿಷಯ ತಿಳಿಯುತ್ತದೆ.

ನಂಬರು ಅವರದ್ದೇ ಇದ್ದು, ಅವರು ಕೊಡಲು ಸತಾಯಿಸುತ್ತಿದ್ದರೆ ದಾರಿ ಇದೆ. ನಿಮ್ಮ ವ್ಯಾಪ್ತಿಯ ಸ್ಥಳೀಯ ಜಿಎಸ್‌ಟಿ ಕಚೇರಿಗೆ ಗುರುತಿನ ದಾಖಲೆ, ವ್ಯಾಪಾರದ ದಾಖಲೆ ಹಿಡಿದು ಹೋಗಿ ಅರ್ಜಿ ಕೊಟ್ಟರೆ ಅಧಿಕಾರಿಯೇ ಹೊಸ ಇಮೇಲ್, ಮೊಬೈಲ್ ನಂಬರು ಸೇರಿಸಿಕೊಡುತ್ತಾರೆ. ಪಾಸ್‌ವರ್ಡ್ ಹೊಸದಾಗಿ ನಿಮ್ಮ ಇಮೇಲ್‌ಗೇ ಬರುತ್ತದೆ. ಯಾವ ಕಚೇರಿ ಎಂಬುದು ನೋಂದಣಿಯ ವಿವರದಲ್ಲಿಯೇ ಇರುತ್ತದೆ.

ಹಾಗಾದರೆ ಕನ್ಸಲ್ಟೆಂಟ್ ಕೆಲಸ ಮಾಡುವುದು ಹೇಗೆ? ಅವರು ನೋಂದಾಯಿತ ಜಿಎಸ್‌ಟಿ ಪ್ರಾಕ್ಟೀಷನರ್ ಆಗಿದ್ದರೆ ನಿಮ್ಮ ಪಾಸ್‌ವರ್ಡ್ ಅವರಿಗೆ ಬೇಕೇ ಇಲ್ಲ. ಪೋರ್ಟಲ್‌ನ ಯೂಸರ್ ಸರ್ವಿಸಸ್‌ನಲ್ಲಿ ಪ್ರಾಕ್ಟೀಷನರ್‌ನನ್ನು ನೇಮಿಸುವ, ಬಿಡಿಸುವ ಆಯ್ಕೆ ಇದೆ. ನೇಮಿಸಿದರೆ ಅವರು ತಮ್ಮ ಲಾಗಿನ್‌ನಿಂದಲೇ ನಿಮ್ಮ ಕೆಲಸ ಮಾಡುತ್ತಾರೆ, ಬೇಡವಾದ ದಿನ ನೀವೇ ಬಿಡಿಸಬಹುದು. ಪೋರ್ಟಲ್‌ನಲ್ಲೇ ಇಂಥ ವ್ಯವಸ್ಥೆ ಇದ್ದರೂ ಬಹಳ ಜನ ಬಳಸುವುದಿಲ್ಲ ಎಂಬುದೇ ಬೇಸರ. ಕಂಪನಿ ಅಥವಾ ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಆಗಿದ್ದರೆ ಡಿಜಿಟಲ್ ಸಹಿಯ ಪೆನ್‌ಡ್ರೈವ್‌ನಂಥ ಟೋಕನ್ ಇರುತ್ತದಲ್ಲ, ಅದು ಆಡಿಟರ್ ಆಫೀಸಿನ ಡ್ರಾಯರ್‌ನಲ್ಲಿ ನೂರಾರು ಟೋಕನ್‌ಗಳ ಜತೆ ರಬ್ಬರ್ ಬ್ಯಾಂಡ್ ಸುತ್ತಿಕೊಂಡು ಬಿದ್ದಿರುವುದು ಸಾಮಾನ್ಯ ದೃಶ್ಯ. ಆ ಟೋಕನ್ ಕಾನೂನಿನ ಕಣ್ಣಿನಲ್ಲಿ ನಿಮ್ಮ ಕೈಬರಹದ ಸಹಿ. ಖಾಲಿ ಕಾಗದಕ್ಕೆ ಸಹಿ ಹಾಕಿ ಯಾರ ಬಳಿಯೂ ಇಡುವುದಿಲ್ಲ ತಾನೇ? ಬೇಕಾದ ದಿನ ಕೊಂಡೊಯ್ಯಿರಿ, ಕೆಲಸ ಮುಗಿದೊಡನೆ ತನ್ನಿರಿ.

ದುಡ್ಡಿನ ವಿಚಾರಕ್ಕೆ ಒಂದೇ ನಿಯಮ ಸಾಕು. ತೆರಿಗೆಯ ಹಣ ಎಂದೂ ಕನ್ಸಲ್ಟೆಂಟ್ ಖಾತೆಯ ಮೂಲಕ ಹೋಗಬಾರದು. ಅವರು ಚಲನ್ ತಯಾರಿಸಿ ಕೊಡಲಿ, ಅದರ ಮೇಲಿರುವ ಸಿಪಿಐಎನ್ ಎಂಬ ಚಲನ್ ಸಂಖ್ಯೆ ಹಿಡಿದು ನಿಮ್ಮ ಬ್ಯಾಂಕ್ ಖಾತೆಯಿಂದ ನೀವೇ ಕಟ್ಟಿ. ‘ನಿಮ್ಮದು, ಪಕ್ಕದವರದ್ದು ಒಟ್ಟಿಗೆ ಕಟ್ಟಿಬಿಡ್ತೀನಿ, ಗೂಗಲ್ ಪೇ ಮಾಡಿ’ ಎಂಬ ಮಾತಿನಿಂದಲೇ ದೊಡ್ಡ ನಷ್ಟಗಳೆಲ್ಲ ಶುರುವಾಗಿರುವುದು.

ತಿಂಗಳಿಗೆ ಹತ್ತು ನಿಮಿಷ

ರಿಟರ್ನ್ ಹಾಕಿದ್ದೇವೆ ಎಂದು ವಾಟ್ಸ್ಆಪ್‌ನಲ್ಲಿ ಒಂದು ಸಾಲು ಬಂದರೆ ಸಾಕಾಗುವುದಿಲ್ಲ. ತಿಂಗಳ ತೆರಿಗೆ ಲೆಕ್ಕದ ರಿಟರ್ನ್ ಆದ ಜಿಎಸ್‌ಟಿಆರ್-3ಬಿ ಪಿಡಿಎಫ್ ನೀವೇ ಇಳಿಸಿಕೊಂಡು ಮೂರು ಕಡೆ ಕಣ್ಣಾಡಿಸಿ. ಪೀಣ್ಯದ ಒಂದು ಜಾಬ್‌ವರ್ಕ್ ಶೆಡ್ಡಿನ ಲೆಕ್ಕ ತೆಗೆದುಕೊಳ್ಳೋಣ. ತಿಂಗಳ ಬಿಲ್ಲಿಂಗ್ ₹5 ಲಕ್ಷ, ಅದರ ಮೇಲೆ 18% ತೆರಿಗೆ ₹90,000. ಖರೀದಿಯ ಮೇಲೆ ಈಗಾಗಲೇ ಕೊಟ್ಟ ತೆರಿಗೆ ₹62,000. ಕೈಯಿಂದ ಕಟ್ಟಬೇಕಾದದ್ದು ₹28,000.

ಟೇಬಲ್ 3.1ರ ಮೊದಲ ಸಾಲಿನಲ್ಲಿ ₹5,00,000, ಅದರ ಮುಂದೆ ಕೇಂದ್ರದ ತೆರಿಗೆ ₹45,000, ರಾಜ್ಯದ ತೆರಿಗೆ ₹45,000 ಇರಬೇಕು. ಅಲ್ಲಿ ಸೊನ್ನೆ ಇದ್ದರೆ ವ್ಯಾಪಾರವೇ ಆಗಿಲ್ಲ ಎನ್ನುವ ನಿಲ್ ರಿಟರ್ನ್ ಹಾಕಿದ್ದಾರೆ. ಟೇಬಲ್ 4ರಲ್ಲಿ ಖರೀದಿಯ ಕ್ರೆಡಿಟ್ ಒಟ್ಟು ₹62,000 ಇರಬೇಕು. ಇಲ್ಲಿಯೇ ಕಳ್ಳದಾರಿ ಇರುವುದು. ಕ್ರೆಡಿಟ್ ₹90,000 ಎಂದು ತುಂಬಿಬಿಟ್ಟರೆ ಕಟ್ಟಬೇಕಾದ ಹಣ ಸೊನ್ನೆಯಾಗುತ್ತದೆ, ನೀವು ಅವರಿಗೆ ಕಳಿಸಿದ ₹28,000 ಅವರ ಬಳಿಯೇ ಉಳಿಯುತ್ತದೆ. ರಿಟರ್ನ್ ಮಾತ್ರ ‘ಫೈಲ್ಡ್’ ಎಂದೇ ತೋರಿಸುತ್ತದೆ. ಇದನ್ನು ಹಿಡಿಯಲು ಪ್ರತಿ ತಿಂಗಳು 14ಕ್ಕೆ ಪೋರ್ಟಲ್ ತಾನಾಗಿಯೇ ತಯಾರಿಸುವ ಜಿಎಸ್‌ಟಿಆರ್-2ಬಿ ತೆಗೆದು ನೋಡಿ. ನಿಮಗೆ ಮಾಲು ಕೊಟ್ಟವರು ತೋರಿಸಿರುವ ತೆರಿಗೆ ಅಲ್ಲಿರುತ್ತದೆ. 2ಬಿಯಲ್ಲಿ ₹62,000 ಇದ್ದು 3ಬಿಯಲ್ಲಿ ₹90,000 ಇದ್ದರೆ ಅದೇ ದಿನ ಪ್ರಶ್ನೆ ಕೇಳಬೇಕು. ಕೊನೆಗೆ ಟೇಬಲ್ 6.1ರಲ್ಲಿ ನಗದಿನಿಂದ ಕಟ್ಟಿದ ₹14,000 ಮತ್ತು ₹14,000 ಇದೆಯೇ ನೋಡಿ, ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟ್‌ಗೆ ತಾಳೆ ಹಾಕಿ.

ಹತ್ತು ತಿಂಗಳು ನೋಡದೆ ಬಿಟ್ಟರೆ ಅಸಲೇ ₹2,80,000. ಅದರ ಮೇಲೆ ವರ್ಷಕ್ಕೆ 18% ಬಡ್ಡಿ. ವಂಚನೆ ಎಂದು ತೀರ್ಮಾನವಾದರೆ ತೆರಿಗೆಯಷ್ಟೇ ದಂಡವೂ ಸೇರುತ್ತದೆ. ‘ಮಾಡಿದ್ದು ಆಡಿಟರ್’ ಎಂಬ ವಾದದಿಂದ ತೆರಿಗೆಯ ಹೊಣೆ ತಪ್ಪುವುದಿಲ್ಲ.

ಇನ್ನೊಂದು ಸಂಗತಿ ಗಿರಾಕಿಯ ಕಡೆಯಿಂದ ಬರುತ್ತದೆ. ತಿಂಗಳ ರಿಟರ್ನ್ ಹಾಕುವವರು ಮಾರಾಟದ ಬಿಲ್ಲುಗಳ ವಿವರವಿರುವ ಜಿಎಸ್‌ಟಿಆರ್-1ನ್ನು 11ರೊಳಗೆ, 3ಬಿಯನ್ನು 20ರೊಳಗೆ ಸಲ್ಲಿಸಬೇಕು. ಜಿಎಸ್‌ಟಿಆರ್-1 ತಡವಾದರೆ ನಿಮ್ಮ ಬಿಲ್ ಗಿರಾಕಿಯ 2ಬಿಯಲ್ಲಿ ಕಾಣುವುದಿಲ್ಲ. ದೊಡ್ಡ ಕಂಪನಿಯವರು ಆ 18%ನ್ನು ತಡೆಹಿಡಿದು ಉಳಿದದ್ದನ್ನಷ್ಟೇ ಕಳಿಸುತ್ತಾರೆ. ಪೇಮೆಂಟ್ ಯಾಕೆ ಕಡಿಮೆ ಬಂತು ಎಂದು ನೀವು ಅವರ ಅಕೌಂಟ್ಸ್ ವಿಭಾಗಕ್ಕೆ ಅಲೆಯುತ್ತಿರುವಾಗ ತಪ್ಪು ನಿಮ್ಮದೇ ಕನ್ಸಲ್ಟೆಂಟ್ ಟೇಬಲ್ ಮೇಲೆ ಕೂತಿರುತ್ತದೆ. ಎರಡು ತಿಂಗಳು ಸತತವಾಗಿ 3ಬಿ ತಪ್ಪಿದರೆ ಮಾಲು ಸಾಗಿಸಲು ಬೇಕಾದ ಇ-ವೇ ಬಿಲ್ ಕೂಡ ನಿಂತುಹೋಗುತ್ತದೆ. ಲೋಡ್ ಆದ ಟೆಂಪೋ ಗೇಟಿನಲ್ಲೇ ನಿಲ್ಲಬೇಕಾಗುತ್ತದೆ.

ಆದಾಯ ತೆರಿಗೆ ರಿಟರ್ನ್‌ಗೆ ಇಷ್ಟು ಉದ್ದದ ಪರಿಶೀಲನೆ ಬೇಡ. ಸಲ್ಲಿಸಿದ 30 ದಿನದೊಳಗೆ ಇ-ವೆರಿಫೈ (ಆನ್‌ಲೈನ್ ದೃಢೀಕರಣ) ಆಗಿದೆಯೇ, ಕೇಳದ ರೀಫಂಡ್ ಬಂದಿದೆಯೇ ಎಂಬುದನ್ನು ನೋಡಿ. ಕೊಟ್ಟೇ ಇಲ್ಲದ ದೇಣಿಗೆ, ಕಟ್ಟೇ ಇಲ್ಲದ ಬಾಡಿಗೆ ತೋರಿಸಿ ರೀಫಂಡ್ ತರಿಸಿ ಅದರಲ್ಲಿ ಶೇಕಡಾವಾರು ಪಾಲು ಕೇಳುವವರಿದ್ದಾರೆ. ಸುಳ್ಳು ಮಾಹಿತಿ ಎಂದು ಸಿಕ್ಕಿಬಿದ್ದರೆ ತಪ್ಪಿಸಿದ ತೆರಿಗೆಯ 200%ವರೆಗೆ ದಂಡ. ಅಂದಹಾಗೆ ರಿಟರ್ನ್, ಆಡಿಟ್ ಕೆಲಸಕ್ಕೆ ಲಾಭದ ಅಥವಾ ಫಲಿತಾಂಶದ ಶೇಕಡಾವಾರು ಶುಲ್ಕ ತೆಗೆದುಕೊಳ್ಳುವುದು ಸಿಎಗಳ ವೃತ್ತಿಸಂಹಿತೆಗೇ ವಿರುದ್ಧ. ‘ರೀಫಂಡ್‌ನಲ್ಲಿ 10% ಕೊಡಿ’ ಎಂದವರ ಬಗ್ಗೆ ಇದೊಂದೇ ಸಾಕು.

ಶುಲ್ಕ, ಏಜೆಂಟರು, ಸಬ್ಸಿಡಿ

ಜಿಎಸ್‌ಟಿ ನೋಂದಣಿಗೆ ಸರ್ಕಾರಿ ಶುಲ್ಕ ಇಲ್ಲ. ಸಣ್ಣ ಉದ್ಯಮಗಳಿಗಾಗಿ ಇರುವ ಉದ್ಯಮ್ ನೋಂದಣಿಗೂ ಇಲ್ಲ, ಅದಕ್ಕೆ ನವೀಕರಣವೂ ಇಲ್ಲ. ಆಧಾರ್ ಸಂಖ್ಯೆ, ಪ್ಯಾನ್ ಇದ್ದರೆ ಸರ್ಕಾರಿ ಪೋರ್ಟಲ್‌ನಲ್ಲಿ ನೀವೇ ಮಾಡಿಕೊಳ್ಳಬಹುದು. ಬೇರೆಯವರು ಮಾಡಿಕೊಟ್ಟರೆ ಅವರ ಶ್ರಮಕ್ಕೆ ಶುಲ್ಕ ಕೊಡುವುದು ನ್ಯಾಯವೇ. ಆದರೆ ಅದನ್ನು ‘ಗವರ್ನಮೆಂಟ್ ಫೀಸ್’ ಎಂದು ಕರೆಯುವುದು ಸುಳ್ಳು. ಬಿಲ್ಲಿನಲ್ಲಿ ಸರ್ಕಾರಿ ಶುಲ್ಕ ಬೇರೆ, ತಮ್ಮ ಶುಲ್ಕ ಬೇರೆ ಎಂದು ತೋರಿಸಲು ಕೇಳಿ. ಟ್ರೇಡ್ ಲೈಸೆನ್ಸ್‌ಗೂ ಇದೇ ಮಾತು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳು ಬಂದ ಮೇಲೆ ಯಾವ ಕಚೇರಿ, ಯಾವ ಶುಲ್ಕ ಎಂಬ ಗೊಂದಲ ಜನರಲ್ಲಿದೆ. ಗೊಂದಲ ಇರುವಲ್ಲಿ ಏಜೆಂಟರ ದರ ಏರುತ್ತದೆ. ರಸೀದಿ ಸಂಖ್ಯೆ ಇಲ್ಲದೆ ದುಡ್ಡು ಬಿಡಬೇಡಿ.

ಸಾಲ ಕೊಡಿಸುತ್ತೇವೆ ಎನ್ನುವವರ ವಿಷಯದಲ್ಲಿ ಕಟುವಾಗಿಯೇ ಹೇಳಬೇಕು. ಮುದ್ರಾ ಸಾಲಕ್ಕೆ ಮಧ್ಯವರ್ತಿ ಇಲ್ಲ, ನೇರವಾಗಿ ಬ್ಯಾಂಕಿಗೆ ಹೋಗುವುದು. ಹೊಸ ಘಟಕ ಶುರುಮಾಡುವವರಿಗಾಗಿ ಇರುವ ಪಿಎಂಇಜಿಪಿ ಬಗೆಯ ಸಬ್ಸಿಡಿ ಕೈಗೆ ಬರುವ ದುಡ್ಡಲ್ಲ. ಬ್ಯಾಂಕ್ ಸಾಲ ಬಿಡುಗಡೆಯಾದ ಮೇಲೆ ಅದು ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಕೂರುತ್ತದೆ, ಘಟಕ ನಡೆಯುತ್ತಿದೆ ಎಂದು ಖಾತ್ರಿಯಾದ ಮೇಲೆ ಸಾಲಕ್ಕೆ ಜಮೆಯಾಗುತ್ತದೆ. ‘ಸಬ್ಸಿಡಿ ಬಂದ ದಿನ ಅರ್ಧ ನಮಗೆ, ಈಗ ಫೈಲ್ ಖರ್ಚಿಗೆ ಮುಂಗಡ ಕೊಡಿ’ ಎನ್ನುವವರಿಗೆ ಯೋಜನೆಯ ಗಂಧವೇ ಇಲ್ಲ, ಅಥವಾ ನಿಮಗಿಲ್ಲ ಎಂದುಕೊಂಡಿದ್ದಾರೆ. ಬೆಂಗಳೂರಿನಲ್ಲಿ ಜಿಲ್ಲಾ ಕೈಗಾರಿಕಾ ಕೇಂದ್ರ ಇದೆ, ವಿಜಯನಗರದಲ್ಲಿ ಸಣ್ಣ ಕೈಗಾರಿಕೆಗಳ ಸಂಘ ಕಾಸಿಯಾ ಇದೆ, ಕೆಂಪೇಗೌಡ ರಸ್ತೆಯಲ್ಲಿ ರಾಜ್ಯದ ವಾಣಿಜ್ಯೋದ್ಯಮಿಗಳ ಮಹಾಸಂಘ ಎಫ್‌ಕೆಸಿಸಿಐ ಇದೆ. ಯಾರಿಗಾದರೂ ಮುಂಗಡ ಕೊಡುವ ಮೊದಲು ಈ ಮೂರರಲ್ಲಿ ಒಂದು ಕಡೆ ಹೋಗಿ ವಿಚಾರಿಸಿ.

ಕೆಲಸ ಒಪ್ಪಿಸುವಾಗ ಒಂದು ಪುಟದ ಪತ್ರ ಇರಲಿ. ಯಾವ ಯಾವ ರಿಟರ್ನ್, ಎಷ್ಟನೇ ತಾರೀಕಿಗೆ ನೀವು ಬಿಲ್ಲುಗಳನ್ನು ಕೊಡಬೇಕು, ತಿಂಗಳ ಶುಲ್ಕ ಎಷ್ಟು, ನೋಟಿಸ್‌ಗೆ ಉತ್ತರ ಕೊಡಲು ಬೇರೆ ಶುಲ್ಕವೇ, ಅವರ ತಡದಿಂದ ಲೇಟ್ ಫೀ ಬಿದ್ದರೆ ಯಾರು ಕಟ್ಟಬೇಕು, ಬಿಟ್ಟುಹೋದರೆ ಎಷ್ಟು ದಿನದಲ್ಲಿ ಲೆಕ್ಕ ಒಪ್ಪಿಸಬೇಕು. ಲೇಟ್ ಫೀ ದಿನಕ್ಕೆ ₹50, ನಿಲ್ ರಿಟರ್ನ್‌ಗೆ ₹20. ವಹಿವಾಟು ₹1.5 ಕೋಟಿ ಒಳಗಿದ್ದರೆ ಒಂದು ರಿಟರ್ನ್‌ಗೆ ಹೆಚ್ಚೆಂದರೆ ₹2,000. ಮೊತ್ತ ಚಿಕ್ಕದೇ, ಆದರೆ ಈ ಸಾಲು ಪತ್ರದಲ್ಲಿದ್ದರೆ ತಾರೀಕಿನ ಬಗ್ಗೆ ಇಬ್ಬರಿಗೂ ಎಚ್ಚರ ಇರುತ್ತದೆ. ನೀವು 19ರ ರಾತ್ರಿ ಬಿಲ್ಲುಗಳ ಚೀಲ ತಂದು ಕೊಟ್ಟು 20ಕ್ಕೆ ರಿಟರ್ನ್ ಹಾಕಿ ಎಂದರೆ ಎಂಥ ಒಳ್ಳೆಯ ಕನ್ಸಲ್ಟೆಂಟ್ ಆದರೂ ತಪ್ಪು ಮಾಡುತ್ತಾರೆ, ಆ ತಪ್ಪು ಅವರದ್ದಲ್ಲ. ಬಿಟ್ಟುಹೋಗುವಾಗ ಟ್ಯಾಲಿ ಬ್ಯಾಕಪ್ ಬೇಕು, ಪಿಡಿಎಫ್ ಮಾತ್ರ ಸಾಲದು. ಜಿಎಸ್‌ಟಿ ದಾಖಲೆಗಳನ್ನು ವಾರ್ಷಿಕ ರಿಟರ್ನ್‌ನ ಕೊನೆಯ ದಿನಾಂಕದಿಂದ 72 ತಿಂಗಳು ಇಟ್ಟುಕೊಳ್ಳಬೇಕಾದವರು ನೀವು.

ಪಾಲುದಾರರನ್ನು ಸೇರಿಸಿಕೊಳ್ಳುವಾಗ

ಕನ್ಸಲ್ಟೆಂಟ್ ಕೈಕೊಟ್ಟರೆ ತೆರಿಗೆಯ ನಷ್ಟ. ಪಾಲುದಾರ ಕೈಕೊಟ್ಟರೆ ಮನೆಗೇ ಬರುತ್ತದೆ. 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ ಸಂಸ್ಥೆಯ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರನೂ ಒಟ್ಟಾಗಿಯೂ ಒಂಟಿಯಾಗಿಯೂ ಹೊಣೆ. 10% ಪಾಲಿದ್ದವರ ಮನೆಯ ಮೇಲೂ ಪೂರ್ತಿ ಸಾಲದ ವಸೂಲಿಗೆ ಬರಬಹುದು. ಎಲ್‌ಎಲ್‌ಪಿಯಲ್ಲಿ ಈ ಹೊಣೆಗೆ ಮಿತಿ ಇದೆ, ಆದರೆ ಬ್ಯಾಂಕು ವೈಯಕ್ತಿಕ ಗ್ಯಾರಂಟಿ ಬರೆಸಿಕೊಂಡರೆ ಆ ಸಾಲದ ಮಟ್ಟಿಗೆ ರಕ್ಷಣೆ ಹೋಯಿತು.

ಸ್ನೇಹಿತರು, ಭಾವಮೈದ, ಒಂದೇ ಊರಿನವರು ಎಂಬುದು ಪರಿಚಯ, ಪರಿಶೀಲನೆಯಲ್ಲ. ಇ-ಕೋರ್ಟ್ಸ್ ಜಾಲತಾಣದಲ್ಲಿ ಹೆಸರು ಹಾಕಿ ಬೆಂಗಳೂರಿನ ನ್ಯಾಯಾಲಯಗಳಲ್ಲಿ ಚೆಕ್ ಬೌನ್ಸ್ ಪ್ರಕರಣಗಳಿವೆಯೇ ನೋಡಿ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಪ್ಯಾನ್ ಹಾಕಿದರೆ ಅವರ ಹೆಸರಿನ ಎಲ್ಲ ನೋಂದಣಿಗಳೂ ಸಿಗುತ್ತವೆ. ರದ್ದಾದದ್ದು ಇದ್ದರೆ ಕಾರಣ ಕೇಳಿ. ಇಬ್ಬರೂ ಒಟ್ಟಿಗೆ ಕೂತು ತಂತಮ್ಮ ಸಾಲದ ಇತಿಹಾಸ ತೋರಿಸುವ ಕ್ರೆಡಿಟ್ ವರದಿ ತೆಗೆದು ಮೇಜಿನ ಮೇಲಿಡಿ. ವರ್ಷಕ್ಕೊಂದು ವರದಿ ಉಚಿತ. ಮೊದಲು ನಿಮ್ಮದನ್ನು ತೋರಿಸಿ, ಆಗ ಕೇಳುವುದರಲ್ಲಿ ಸಂಕೋಚ ಇರುವುದಿಲ್ಲ. ಡೀಡ್‌ಗೆ, ಅಂದರೆ ಪಾಲುದಾರಿಕೆಯ ಒಪ್ಪಂದ ಪತ್ರಕ್ಕೆ, ಮುಂಚೆ ಒಂದೆರಡು ಆರ್ಡರ್ ಒಟ್ಟಿಗೆ ಮಾಡಿ, ಖರ್ಚು ಬರೆದಿಟ್ಟು, ಲಾಭ ಹಂಚಿ ನೋಡಿ. ಕಾಗದದಲ್ಲಿ ಕಾಣದ ಗುಣ ಪೆಟ್ರೋಲ್ ಬಿಲ್ಲಿನಲ್ಲಿ ಕಾಣುತ್ತದೆ.

ಡೀಡ್ ಬರೆಸುವಾಗ ಬಾಂಡ್ ಪೇಪರ್ ಮಾರುವವರ ಬಳಿ ಸಿಗುವ ಸಿದ್ಧ ನಮೂನೆಗೆ ಹೆಸರು ತುಂಬಿ ಸಹಿ ಹಾಕಬೇಡಿ. ಡೀಡ್‌ನಲ್ಲಿ ಬರೆಯದ್ದನ್ನು ಕಾಯ್ದೆ ತುಂಬುತ್ತದೆ, ಅದು ನಿಮ್ಮ ಮನಸ್ಸಿನಲ್ಲಿದ್ದಂತೆ ಇರುವುದಿಲ್ಲ. ಪಾಲು ಬರೆಯದಿದ್ದರೆ ಲಾಭ ಸಮಪಾಲು, ಒಬ್ಬರು ₹9 ಲಕ್ಷ, ಇನ್ನೊಬ್ಬರು ₹1 ಲಕ್ಷ ಹಾಕಿದ್ದರೂ ಅಷ್ಟೇ. ದುಡಿದ ಪಾಲುದಾರನಿಗೆ ಸಂಬಳ ಬರೆಯದಿದ್ದರೆ ಸಂಬಳ ಇಲ್ಲ. ಯಾರಾದರೂ ತೀರಿಕೊಂಡರೆ ಸಂಸ್ಥೆಯೇ ವಿಸರ್ಜನೆ. ಮುಂದುವರಿಯಬೇಕೆಂದರೆ ಹಾಗೆಂದು ಬರೆದಿರಬೇಕು. ಅವಧಿ ಬರೆಯದ ಪಾಲುದಾರಿಕೆಯನ್ನು ಯಾರು ಬೇಕಾದರೂ ಒಂದು ನೋಟಿಸ್ ಕೊಟ್ಟು ಮುಗಿಸಬಹುದು. ಬ್ಯಾಂಕ್ ಖಾತೆಗೆ ಇಂತಿಷ್ಟು ಮೊತ್ತದ ಮೇಲೆ ಇಬ್ಬರ ಸಹಿ ಎಂದು ಡೀಡ್‌ನಲ್ಲೂ ಬ್ಯಾಂಕಿನಲ್ಲೂ ಬರೆಸಿ. ಎಲ್ಲಕ್ಕಿಂತ ಹೆಚ್ಚು ಹೊತ್ತು ಕೂರಬೇಕಾದದ್ದು ಬಿಟ್ಟುಹೋಗುವ ಕಲಮಿನ ಮೇಲೆ: ಎಷ್ಟು ದಿನದ ನೋಟಿಸ್, ಸ್ಟಾಕಿನ ಬೆಲೆ ಯಾವ ದರದಲ್ಲಿ, ಬರಬೇಕಾದ ಬಾಕಿಯಲ್ಲಿ ವಸೂಲಾಗದ್ದಕ್ಕೆ ಏನು, ಹಣ ಎಷ್ಟು ಕಂತಿನಲ್ಲಿ, ಅಂಗಡಿಯ ಹೆಸರು ಮತ್ತು ಫೋನ್ ನಂಬರು ಯಾರಿಗೆ. ಇಬ್ಬರೂ ಚೆನ್ನಾಗಿರುವಾಗ ಒಂದು ಮಧ್ಯಾಹ್ನದಲ್ಲಿ ಮುಗಿಯುವ ಮಾತುಕತೆ ಇದು. ಮನಸ್ಸು ಮುರಿದ ಮೇಲೆ ಇದೇ ಮಾತು ಸಿವಿಲ್ ಕೋರ್ಟಿನಲ್ಲಿ ವರ್ಷಗಟ್ಟಲೆ ನಡೆಯುತ್ತದೆ.

ಡೀಡ್ ಮಾಡಿ ನೋಂದಣಿ ಮಾಡಿಸದೆ ಬಿಡುವುದು ನಮ್ಮಲ್ಲಿ ತೀರಾ ಸಾಮಾನ್ಯ. ನೋಂದಣಿ ಕಡ್ಡಾಯವಲ್ಲ ನಿಜ. ಆದರೆ ಕಾಯ್ದೆಯ 69ನೇ ಸೆಕ್ಷನ್ ಪ್ರಕಾರ ನೋಂದಣಿ ಇಲ್ಲದ ಸಂಸ್ಥೆ, ಒಪ್ಪಂದದ ಮೇಲೆ ಬಾಕಿ ವಸೂಲಿಗೆ ಗಿರಾಕಿಯ ವಿರುದ್ಧ ದಾವೆ ಹೂಡುವಂತಿಲ್ಲ. ಡೀಡ್‌ನಲ್ಲಿರುವ ಹಕ್ಕಿಗಾಗಿ ಪಾಲುದಾರ ಪಾಲುದಾರನ ವಿರುದ್ಧವೂ ಹೂಡುವಂತಿಲ್ಲ. ವಿಸರ್ಜನೆ ಮತ್ತು ಲೆಕ್ಕ ಒಪ್ಪಿಸುವಂತೆ ಕೇಳಲು ಮಾತ್ರ ಅವಕಾಶ.

ಹೊರಬರುವವರು ಬಹುತೇಕ ಮರೆಯುವ ಕೆಲಸ ಒಂದಿದೆ. ನಿವೃತ್ತಿ ಪತ್ರಕ್ಕೆ ಸಹಿ ಹಾಕಿ ಹಣ ತೆಗೆದುಕೊಂಡರೆ ಮುಗಿಯಲಿಲ್ಲ. ಸಾರ್ವಜನಿಕ ಪ್ರಕಟಣೆ ಕೊಡುವವರೆಗೆ, ನೀವಿನ್ನೂ ಪಾಲುದಾರರೆಂದು ನಂಬಿ ವ್ಯವಹರಿಸಿದವರಿಗೆ ನೀವು ಹೊಣೆ. ಜಿಎಸ್‌ಟಿ ಕಮಿಷನರ್‌ಗೆ ನಿವೃತ್ತಿಯ ದಿನದಿಂದ ಒಂದು ತಿಂಗಳೊಳಗೆ ಲಿಖಿತ ತಿಳುವಳಿಕೆ ಹೋಗದಿದ್ದರೆ, ಅದು ತಲುಪುವ ದಿನದವರೆಗಿನ ತೆರಿಗೆಗೂ ನೀವು ಹೊಣೆ. ಬ್ಯಾಂಕಿಗೆ ಕೊಟ್ಟ ವೈಯಕ್ತಿಕ ಗ್ಯಾರಂಟಿ ಇದ್ದರೆ ಅದನ್ನು ಬಿಡಿಸಿಕೊಂಡ ಪತ್ರ ಬೇರೆ ಬೇಕು. ಆ ಮೂರು ಸ್ವೀಕೃತಿ ಪ್ರತಿಗಳು ಕೈಗೆ ಬರುವವರೆಗೆ ಕೊನೆಯ ಕಂತಿನ ರಸೀದಿಗೆ ಸಹಿ ಹಾಕಬೇಡಿ.